ರೀಸ್ಟಾರ್ಟ್ ಆಗುವ ಮುನ್ನ ಮೊದಲು ಬಿದ್ದದ್ದು ಯಾವ ತಂತಿ: ನನ್ನ ಅನುಭವ

ತಾನಾಗಿಯೇ ರೀಸ್ಟಾರ್ಟ್ ಆಗುವ ಕಂಪ್ಯೂಟರನ್ನು ಬಿಡಿಭಾಗ ಬದಲಿಸುತ್ತಾ ಹೋಗಿ ಸರಿಪಡಿಸುವುದು ರಿಪೇರಿ ಮಾಡುವವರೆಲ್ಲರ ವಾಡಿಕೆ. ಮೊದಲು ರ‍್ಯಾಮ್, ಆಮೇಲೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ವೋಲ್ಟೇಜುಗಳಾಗಿ ಇಳಿಸಿ ಕೊಡುವ ಘಟಕ), ಅದಕ್ಕೂ ಬಗ್ಗದಿದ್ದರೆ ಮದರ್‌ಬೋರ್ಡ್. ದಿನಕ್ಕೆ ಹತ್ತು ಸಲ ಕಾಣಿಸಿಕೊಳ್ಳುವ ದೋಷಕ್ಕೆ ಈ ದಾರಿ ಸಾಕು. ವಾರಕ್ಕೊಮ್ಮೆ, ಅದೂ ಯಾರೂ ಮುಟ್ಟದೆ ಸುಮ್ಮನಿರುವಾಗ ಬರುವ ದೋಷವಾದರೆ ಒಂದೊಂದು ಬದಲಾವಣೆಯ ನಂತರವೂ ಹದಿನೈದು ದಿನ ಕಾಯಬೇಕು. ಕಾದ ಮೇಲೂ ಅದು ಹೋಯಿತೋ ಅಡಗಿ ಕೂತಿದೆಯೋ ತಿಳಿಯುವುದಿಲ್ಲ. ಅಷ್ಟರಲ್ಲಿ ಮಾಲೀಕರ ಕೈಯಿಂದ ಅರ್ಧ ಹೊಸ ಕಂಪ್ಯೂಟರಿನ ದುಡ್ಡು ಜಾರಿರುತ್ತದೆ. ಬದಲಿಸುವುದಕ್ಕಿಂತ, ಮೊದಲು ಯಾವ ತಂತಿಯ ವೋಲ್ಟೇಜ್ ಬಿತ್ತೆಂದು ದೀಪ ಹತ್ತಿಸಿ ತೋರಿಸುವ ಸಣ್ಣ ಪೆಟ್ಟಿಗೆಯೊಂದನ್ನು ಕಾವಲಿಗೆ ಇಡುವುದು ಅಗ್ಗವೆಂದು ನಾನು ಹೇಳಿದಾಗ ಜೊತೆಯ ಕಸುಬುದಾರರು ನಕ್ಕರು. “ಒಂದು ಯಂತ್ರದ ದೋಷ ಹುಡುಕಲು ಇನ್ನೊಂದು ಯಂತ್ರ ಕಟ್ಟುವವರಲ್ಲಿ ನಿಮ್ಮನ್ನೇ ಮೊದಲು ನೋಡಿದ್ದು” ಎಂದರು ಒಬ್ಬರು.

ನನ್ನನ್ನು ಈ ಕೆಲಸಕ್ಕೆ ಹಚ್ಚಿದ ಯಂತ್ರ ಮೇಜಿಗೆ ಬರುವ ಹೊತ್ತಿಗೆ ಅದರ ರ‍್ಯಾಮ್ ಮತ್ತು ಎಸ್‌ಎಂಪಿಎಸ್ ಎರಡನ್ನೂ ಬೇರೊಬ್ಬರು ಬದಲಿಸಿಯಾಗಿತ್ತು, ಮದರ್‌ಬೋರ್ಡಿಗೆ ಬೆಲೆ ವಿಚಾರಿಸುವ ಹಂತ ನಡೆದಿತ್ತು. ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಮತ್ತು 6008 ಎಂಬ ದಾಖಲೆಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. 41ರ ಒಳಗಿನ ಬಗ್‌ಚೆಕ್ ಕೋಡ್ ಸೊನ್ನೆ, ಅಂದರೆ ವಿಂಡೋಸ್ ಯಾವ ಕ್ರ್ಯಾಶನ್ನೂ ದಾಖಲಿಸಿರಲಿಲ್ಲ. ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟನ್ನೇ ಈ ದಾಖಲೆ ಹೇಳುತ್ತದೆಯೇ ಹೊರತು ಯಾಕೆ ಎಂಬುದನ್ನಲ್ಲ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿದರೂ ಒಂದು ತಪ್ಪೂ ತೋರಲಿಲ್ಲ. ಪ್ರೊಸೆಸರನ್ನು ಪೂರ್ತಿ ದುಡಿಸುವ ಪ್ರೈಮ್95 ಮತ್ತು ಗ್ರಾಫಿಕ್ಸ್ ಲೋಡ್ ಎರಡನ್ನೂ ಒಟ್ಟಿಗೆ ಹಾಕಿದರೂ ಪ್ರೊಸೆಸರಿನ ಬಿಸಿ ಸುಮಾರು 75 ಡಿಗ್ರಿ ದಾಟಲಿಲ್ಲ, ಯಂತ್ರವೂ ಅಲ್ಲಾಡಲಿಲ್ಲ. ಲೋಡ್ ತೆಗೆದು ಖಾಲಿ ಡೆಸ್ಕ್‌ಟಾಪ್ ಬಿಟ್ಟುಹೋದರೆ, ಒಂದೆರಡು ದಿನದಲ್ಲಿ ಮತ್ತೆ ಲಾಗಿನ್ ಪರದೆ ಕಾದಿರುತ್ತಿತ್ತು.

ಪೆಟ್ಟಿಗೆ ಕಟ್ಟುವ ಮೊದಲು ಒಂದು ಪುಕ್ಕಟೆ ಪರೀಕ್ಷೆ ಮಾಡಿದೆ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕೆಂದು ಹೇಳುವ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಸೆಟ್ಟಿಂಗನ್ನು ‘ಆಫ್ ಆಗಿಯೇ ಇರು’ ಎಂಬಲ್ಲಿ ಇಟ್ಟೆ. ಗೋಡೆಯ ಕರೆಂಟ್ ಕೈಕೊಟ್ಟು ಯಂತ್ರ ಆರಿದ್ದಾಗಲೂ ಜೀವಂತವಿರುವ ಸ್ಟ್ಯಾಂಡ್‌ಬೈ 5 ವೋಲ್ಟ್ ಸತ್ತಿದ್ದರೆ ಯಂತ್ರ ಆಮೇಲೆ ಆರಿಯೇ ಇರಬೇಕು. ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಲ್ಯಾಚ್ ಆಗಿದ್ದರೂ, ಅಂದರೆ ದೋಷ ಕಂಡು ಆರಿಸಿ ಹಾಗೆಯೇ ಹಿಡಿದಿದ್ದರೂ, ಪ್ಲಗ್ ಕಿತ್ತು ಹಾಕುವವರೆಗೆ ಇಲ್ಲವೇ ಪವರ್ ಗುಂಡಿ ಒತ್ತುವವರೆಗೆ ಯಂತ್ರ ಏಳಬಾರದು. ಇದು ಎರಡೂ ಅಲ್ಲದೆ ಎಂದಿನಂತೆ ತಾನೇ ಎದ್ದು ಕೂತಿತು. ಅಲ್ಲಿಗೆ ಉಳಿದದ್ದು 12 ವೋಲ್ಟಿನ ಕ್ಷಣಿಕ ಕುಸಿತ, ಎಲ್ಲ ಸರಿಯಿದೆಯೆಂದು ಎಸ್‌ಎಂಪಿಎಸ್ ಬೋರ್ಡಿಗೆ ಕಳಿಸುವ ಪವರ್ ಗುಡ್ ಸಿಗ್ನಲ್, ಕ್ಯಾಬಿನೆಟ್ಟಿನ ರೀಸೆಟ್ ತಂತಿ, ಇಲ್ಲವೇ ಬೋರ್ಡಿನ ಒಳಗಿನ ದೋಷ. ಇಷ್ಟು ಮಾತ್ರದ ಈ ಸೆಟ್ಟಿಂಗನ್ನು ಯಾರೂ ಏಕೆ ಬಳಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಮಲ್ಟಿಮೀಟರ್ ಇಂಥ ಕಡೆ ಉಪಯೋಗಕ್ಕೆ ಬಾರದು. ಸೆಕೆಂಡಿಗೆ ಮೂರ್ನಾಲ್ಕು ಸಲ ಅಂಕಿ ಬದಲಿಸುವ ಮೀಟರಿಗೆ ಮಿಲಿಸೆಕೆಂಡಿನ ಕುಸಿತ ಕಾಣುವುದಿಲ್ಲ. ವೋಲ್ಟೇಜನ್ನು ಗೆರೆಯಾಗಿ ತೋರುವ ಆಸಿಲೋಸ್ಕೋಪನ್ನು, ಕುಸಿತವಾದೊಡನೆ ಚಿತ್ರ ಹಿಡಿದು ನಿಲ್ಲುವ ಸಿಂಗಲ್ ಟ್ರಿಗರ್‌ನಲ್ಲಿಟ್ಟರೆ ಕಾಣುತ್ತದೆ, ಆದರೆ ಅದು ನನ್ನ ಅನ್ನದ ಉಪಕರಣ, ಒಂದೇ ಯಂತ್ರದ ಮುಂದೆ ವಾರಗಟ್ಟಲೆ ಬಿಡಲಾಗುವುದಿಲ್ಲ. ಹಾಗಾಗಿ ವೋಲ್ಟೇಜುಗಳನ್ನು ಹೋಲಿಸುವ ಒಂದು ಎಲ್‌ಎಂ339 ಕಂಪ್ಯಾರೇಟರ್ ಐಸಿ, ಒಮ್ಮೆ ಬಂದ ಸಂಕೇತವನ್ನು ಹಿಡಿದಿಡುವ ಎರಡು 74ಎಚ್‌ಸಿ74 ಲ್ಯಾಚ್ ಐಸಿ, ಹೋಲಿಕೆಗೆ 2.5 ವೋಲ್ಟ್ ಕೊಡುವ ಟಿಎಲ್431, ನಾಲ್ಕು ಎಲ್‌ಇಡಿ, ಇಷ್ಟನ್ನು ಅಂಗೈಯಗಲದ ಬೋರ್ಡಿನ ಮೇಲೆ ಬೆಸುಗೆ ಹಾಕಿದೆ. ನಾಲ್ಕು ದಾರಿಗಳು 12 ವೋಲ್ಟ್, ಸ್ಟ್ಯಾಂಡ್‌ಬೈ 5 ವೋಲ್ಟ್, ಪವರ್ ಗುಡ್ ಮತ್ತು ರೀಸೆಟ್ ಪಿನ್‌ಗೆ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಹಳೆಯ ಎಟಿಎಕ್ಸ್ ನಿಯಮ ಒಪ್ಪುವ 5 ಶೇಕಡಾ ಇಳಿಕೆಯನ್ನೇ ಗಡಿ ಮಾಡಿಕೊಂಡು 12 ವೋಲ್ಟಿಗೆ 11.4, ಸ್ಟ್ಯಾಂಡ್‌ಬೈಗೆ 4.75 ಎಂದು ಹೊಂದಿಸಬಲ್ಲ ಪುಟ್ಟ ರೆಸಿಸ್ಟರಾದ ಟ್ರಿಮ್‌ಪಾಟನ್ನು ತಿರುಗಿಸಿದೆ. ಮಿಕ್ಕ ಎರಡನ್ನು ನೇರವಾಗಿ 2.5 ವೋಲ್ಟಿಗೇ ಹೋಲಿಸಿದೆ. ಯಾವುದು ಬಿದ್ದರೂ ಅದರ ದೀಪ ಹತ್ತಿ ಹಾಗೆಯೇ ಉಳಿಯುತ್ತದೆ. ಮೊದಲನೆಯದು ಹತ್ತಿದ ಕೂಡಲೇ ಮಿಕ್ಕ ಮೂರಕ್ಕೆ ಬೀಗ ಬೀಳಬೇಕು, ಇಲ್ಲವಾದರೆ ರೀಸ್ಟಾರ್ಟ್‌ನ ಗಲಿಬಿಲಿಯಲ್ಲಿ ಎಲ್ಲವೂ ಹತ್ತಿಕೊಳ್ಳುತ್ತವೆ. ಆ ಬೀಗವನ್ನು ಡಯೋಡುಗಳಲ್ಲಿ ಹೇಗೆ ಮುಗಿಸಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೈ ಪಳಗಿದವರಿಗೆ ಒಂದು ಸಂಜೆಯ ಕೆಲಸ ಅದು. ಇಡೀ ಪೆಟ್ಟಿಗೆಗೆ ತಗುಲಿದ್ದು ಒಂದು ಸಾಧಾರಣ ಎಸ್‌ಎಂಪಿಎಸ್ ಬೆಲೆಯ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ.

ಶಕ್ತಿಯನ್ನು ಯುಎಸ್‌ಬಿಯಿಂದ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಕೇಳಿದವರುಂಟು. ಆರೋಪಿಯ ಮನೆಯಲ್ಲೇ ಉಂಡು ಮಲಗುವ ಸಾಕ್ಷಿಯನ್ನು ನಂಬಲಾಗದು. ಯಂತ್ರದ ವೋಲ್ಟೇಜ್ ಕುಸಿದಾಗ ಪೆಟ್ಟಿಗೆಯೂ ಕುಸಿಯುತ್ತದೆ. ಅದಕ್ಕಾಗಿ ನಾಲ್ಕು ರೀಚಾರ್ಜಬಲ್ ಸೆಲ್, ಒಟ್ಟು 4.8 ವೋಲ್ಟ್. ಗ್ರೌಂಡ್ ಮಾತ್ರ ಎರಡಕ್ಕೂ ಒಂದೇ.

ಮೊದಲ ಪೆಟ್ಟಿಗೆ ಸೋತಿತು. ಗೋಡೆಯ ಸ್ವಿಚ್ ಹಾಕಿದರೂ ಒಂದಲ್ಲ ಒಂದು ದೀಪ ಹತ್ತುತ್ತಿತ್ತು, ಏಕೆಂದರೆ ಅರ್ಧ ಮೀಟರ್ ಉದ್ದದ ತಂತಿಗಳು ಆಂಟೆನಾ ಆಗಿದ್ದವು. ಪ್ರತಿ ದಾರಿಗೂ 10 ಕಿಲೋ ಓಮ್ ರೆಸಿಸ್ಟರ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದಾಗ ಗದ್ದಲವೇನೋ ನಿಂತಿತು, ಆದರೆ ಒಂದು ಮಿಲಿಸೆಕೆಂಡಿನ ಆ ಸೋಮಾರಿತನದಲ್ಲಿ ನಿಜವಾದ ಕುಸಿತಗಳೂ ನುಸುಳಿ ಹೋಗಬಹುದೆಂಬ ಅನುಮಾನ ಬಂತು. ಕೆಪಾಸಿಟರನ್ನು 10 ನ್ಯಾನೋಫ್ಯಾರಡ್‌ಗೆ ಇಳಿಸಿ, ತಂತಿಗಳನ್ನು ಗ್ರೌಂಡ್ ತಂತಿಯ ಜೊತೆ ಹೆಣೆದು, ಗೇಣುದ್ದಕ್ಕೆ ಕತ್ತರಿಸಿದ ಮೇಲೆ ಹದಕ್ಕೆ ಬಂತು. ಮುಂದಿನ ತೊಂದರೆ ಸೆಲ್‌ನದು. ಪೆಟ್ಟಿಗೆ ಚಾಲೂ ಇದೆಯೆಂದು ತೋರಿಸಲು ಚಂದಕ್ಕೆ ಹಾಕಿದ ಹಸಿರು ದೀಪವೊಂದೇ 10 ಮಿಲಿಆಂಪಿಯರ್ ಕುಡಿಯುತ್ತಿತ್ತು, ವಾರ ತುಂಬುವುದರೊಳಗೆ ಸೆಲ್ ಖಾಲಿ. ಅದನ್ನು ಕಿತ್ತ ಮೇಲೆ ಮೂರು ಮಿಲಿಆಂಪಿಯರ್ ಆಸುಪಾಸಿನಲ್ಲಿ ಮೂರು ವಾರ ಧಾರಾಳವಾಗಿ ಓಡುತ್ತದೆ.

ಕಾಯುವ ದಿನಗಳಲ್ಲಿ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಪ್ರೈಮ್95 ಅನ್ನು ಕೆಲವು ಸೆಕೆಂಡಿಗೊಮ್ಮೆ ಚಾಲೂ ಮಾಡಿ ನಿಲ್ಲಿಸುವ ಸ್ಕ್ರಿಪ್ಟ್ ಬರೆದು ಲೋಡನ್ನು ಜಗ್ಗಾಡಿದೆ. 12 ವೋಲ್ಟ್ 11.9ರ ಕೆಳಗೆ ಇಳಿಯಲಿಲ್ಲ. ಹೇರ್ ಡ್ರೈಯರಿನಿಂದ ಬೋರ್ಡಿನ ರೆಗ್ಯುಲೇಟರ್ ಭಾಗವನ್ನು ಬಿಸಿ ಮಾಡಿದೆ, ಪ್ಲಾಸ್ಟಿಕ್ ಕಡ್ಡಿಯಿಂದ ಕಾರ್ಡುಗಳನ್ನು ತಟ್ಟಿದೆ, ಏನೂ ಆಗಲಿಲ್ಲ. ಎಸ್‌ಎಂಪಿಎಸ್‌ನ ಮುಚ್ಚಳವನ್ನು ಮಾತ್ರ ತೆಗೆಯಲಿಲ್ಲ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 400 ವೋಲ್ಟಿನ ಹತ್ತಿರ ಕೂತಿರುತ್ತದೆ, ಮತ್ತು ನನಗೆ ಬೇಕಾದ ಸಾಕ್ಷ್ಯವೆಲ್ಲ ಹೊರಗಿನ 24 ಪಿನ್ನಿನ ಕನೆಕ್ಟರಿನಲ್ಲೇ ಸಿಗುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಪವರ್ ಗುಡ್ ದೀಪ ಹತ್ತಿತ್ತು, ಅದೊಂದೇ. ಎಸ್‌ಎಂಪಿಎಸ್ ‘ನನ್ನ ವೋಲ್ಟೇಜುಗಳೆಲ್ಲ ಸರಿ’ ಎಂದು ಬೋರ್ಡಿಗೆ ಹೇಳುವ ಬೂದು ಬಣ್ಣದ ತಂತಿ, 8ನೆಯ ಪಿನ್; ಅದು ಬಿದ್ದರೆ ಬೋರ್ಡ್ ರೀಸೆಟ್ ಒತ್ತಿದಂತೆಯೇ ನಡೆದುಕೊಳ್ಳುತ್ತದೆ, ಎದ್ದರೆ ಮತ್ತೆ ಹೊರಡುತ್ತದೆ. ನೋಡಿದವರೆಲ್ಲ “ಹಾಗಾದರೆ ಹೊಸ ಎಸ್‌ಎಂಪಿಎಸ್ ಕೂಡ ಕೆಟ್ಟದ್ದೇ, ವಾಪಸ್ ಕೊಡಿ” ಎಂದರು. 12 ವೋಲ್ಟಿನ ದೀಪ ಹತ್ತದೆ ಇದೊಂದೇ ಹತ್ತಿದ್ದನ್ನು ನಾನು ಹಾಗೆ ಓದಲಿಲ್ಲ. ಕೆಟ್ಟದ್ದು ಹೇಳುವ ಬಾಯಿಯೋ ಒಯ್ಯುವ ತಂತಿಯೋ ಎಂದು ತಿಳಿಯಲು ರೀಸೆಟ್ ದಾರಿಯನ್ನು ಬಿಡಿಸಿ, ಅದೇ ಬೂದು ತಂತಿಗೆ ಎರಡು ಕಡೆ ಕಾವಲು ಹಾಕಿದೆ: ಒಂದು ಎಸ್‌ಎಂಪಿಎಸ್‌ನಿಂದ ತಂತಿ ಹೊರಬರುವಲ್ಲಿ, ಇನ್ನೊಂದು ಬೋರ್ಡಿನ ಕಡೆ, ಬೋರ್ಡಿನ ಪಿನ್ನಿಗೇ. ಇದಕ್ಕೆ ಬಳಸಿದ್ದು ತಂತಿಯ ಸಿಪ್ಪೆ ಸುಲಿಯದೆ ಕನೆಕ್ಟರಿನ ಬೆನ್ನಿಗೆ ತೂರುವ ಸೂಜಿ; ಅದು ಎಲ್ಲಿ ಸಿಗುತ್ತದೆಂದು ದಯವಿಟ್ಟು ಕೇಳಬೇಡಿ.

ಮುಂದಿನ ರೀಸ್ಟಾರ್ಟ್‌ನಲ್ಲಿ ಬೋರ್ಡಿನ ಕಡೆಯ ದೀಪ ಹತ್ತಿತು, ಎಸ್‌ಎಂಪಿಎಸ್ ಕಡೆಯದು ಹತ್ತಲಿಲ್ಲ. ನಡುವೆ ಇದ್ದದ್ದು ಬಣ್ಣದ ನೇಯ್ಗೆಯ 24 ಪಿನ್ನಿನ ಎಕ್ಸ್‌ಟೆನ್ಷನ್ ಕೇಬಲ್, ಅಂದಕ್ಕೆ ಹಾಕಿದ್ದು. ಎಸ್‌ಎಂಪಿಎಸ್ ಬದಲಿಸಿದವರು ಮದರ್‌ಬೋರ್ಡ್ ಕೂರುವ ಟ್ರೇಯ ಹಿಂದೆ ಟೈ ಹಾಕಿ ಬಿಗಿದಿದ್ದ ಅದನ್ನು ಹಾಗೆಯೇ ಬಿಟ್ಟು, ಹೊಸ ಎಸ್‌ಎಂಪಿಎಸ್ಸನ್ನು ಅದರ ತುದಿಗೇ ಜೋಡಿಸಿದ್ದರು. ಬೋರ್ಡಿನ ಕಡೆಯ ಕನೆಕ್ಟರನ್ನು ಕಿತ್ತು ಭೂತಗನ್ನಡಿ ಹಿಡಿದಾಗ 8ನೆಯ ಕುಳಿಯ ಹಿತ್ತಾಳೆಯ ಟರ್ಮಿನಲ್ ಅಕ್ಕಪಕ್ಕದವುಗಳಿಗಿಂತ ಒಂದೂವರೆ ಮಿಲಿಮೀಟರಿನಷ್ಟು ಹಿಂದೆ ಸರಿದಿತ್ತು. ಅದನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಡುವ ಎರಡು ಸಣ್ಣ ರೆಕ್ಕೆಗಳಲ್ಲಿ ಒಂದು ಒಳಕ್ಕೆ ಮಡಚಿತ್ತು. ಲೋಡಿನಲ್ಲಿ ಬಿಸಿಯಾದಾಗ ತಾಗಿಕೊಂಡಿದ್ದು, ಯಂತ್ರ ತಣ್ಣಗಾದಾಗ ಅದು ಬಿಟ್ಟುಕೊಳ್ಳುತ್ತಿತ್ತೆಂದು ನನ್ನ ಅಂದಾಜು. ಸುಮ್ಮನಿರುವಾಗಲೇ ರೀಸ್ಟಾರ್ಟ್ ಆಗುತ್ತಿದ್ದುದಕ್ಕೆ ಬೇರೆ ವಿವರಣೆ ಹೊಂದುವುದಿಲ್ಲ.

ಎಕ್ಸ್‌ಟೆನ್ಷನ್ ತೆಗೆದು ನೇರವಾಗಿ ಜೋಡಿಸಿದ ಮೇಲೆ ತಿಂಗಳುಗಳು ಕಳೆದಿವೆ, ಒಂದು ರೀಸ್ಟಾರ್ಟೂ ಇಲ್ಲ. ಅನುಮಾನದವರಿಗಾಗಿ ಅದೇ ಕೇಬಲ್ಲನ್ನು ಮತ್ತೆ ಹಾಕಿ, ಬೂದು ತಂತಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಂದಕ್ಕೆ ಎಳೆದು ತೋರಿಸಿದೆ. ಎಳೆದಾಗಲೆಲ್ಲ ಪರದೆ ಕಪ್ಪಾಗಿ ಲೋಗೋ ಬಂತು. ಈಗ ಪೆಟ್ಟಿಗೆಯನ್ನು ಅವರೇ ಸರದಿಯ ಮೇಲೆ ಒಯ್ಯುತ್ತಾರೆ, ಸೆಲ್ ಚಾರ್ಜ್ ಮಾಡಿ ಹಿಂದಿರುಗಿಸುವವರು ಕಡಿಮೆ.

ಆಮೇಲೆ ಬಂದ ಯಂತ್ರಗಳಲ್ಲಿ ಬೇರೆ ದೀಪಗಳೂ ಹತ್ತಿವೆ. ಒಂದರಲ್ಲಿ ರೀಸೆಟ್: ಕ್ಯಾಬಿನೆಟ್ಟಿನ ಗುಂಡಿ ಒಳಗೇ ಅಂಟಿಕೊಳ್ಳುತ್ತಿತ್ತು, ಎರಡು ಪಿನ್ನಿನ ತಂತಿ ಕಿತ್ತಿದ್ದೇ ರಿಪೇರಿ, ಖರ್ಚು ಸೊನ್ನೆ. ಇನ್ನೊಂದರಲ್ಲಿ 12 ವೋಲ್ಟ್: ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ಎಳೆಯುವ ಕರೆಂಟನ್ನು ಹಳೆಯ ಎಸ್‌ಎಂಪಿಎಸ್ ತಾಳುತ್ತಿರಲಿಲ್ಲ. 2022ರ ಎಟಿಎಕ್ಸ್ 3.0 ನಿಯಮ 450 ವ್ಯಾಟಿಗೆ ಮೇಲಿನ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಾಳಬೇಕೆಂದು ಕೇಳುವುದು ಇಂಥ ಕಾರ್ಡುಗಳಿಗಾಗಿಯೇ. ಅಲ್ಲಿ ಹೊಸದನ್ನು ಕೊಳ್ಳಲೇಬೇಕಾಯಿತು, ಆದರೆ ಊಹೆಯ ಮೇಲಲ್ಲ. ಮತ್ತೊಂದರಲ್ಲಿ ಯಾವ ದೀಪವೂ ಹತ್ತದೆ ಯಂತ್ರ ರೀಸ್ಟಾರ್ಟ್ ಆಯಿತು. ಹತ್ತದಿರುವುದೂ ಉತ್ತರವೇ: ದೋಷ ಒಳಗಿನದು. ಅದರ ದಾಖಲೆಯಲ್ಲಿ ಹಾರ್ಡ್‌ವೇರ್ ದೋಷವನ್ನು ಸೂಚಿಸುವ ಡಬ್ಲ್ಯುಎಚ್‌ಇಎ-ಲಾಗರ್ 18 ಆಗಲೇ ಕೂತಿತ್ತು, ಬಯೋಸ್‌ನಲ್ಲಿ ಪ್ರೊಸೆಸರಿನ ವೋಲ್ಟೇಜನ್ನು ಯಾರೋ ತಗ್ಗಿಸಿದ್ದರು, ಮೂಲ ಮಟ್ಟಕ್ಕೆ ತಂದ ಮೇಲೆ ನಿಂತಿತು.

ಪೆಟ್ಟಿಗೆಗೆ 3.3 ವೋಲ್ಟ್ ಕಾಣುವುದಿಲ್ಲ, ಅದೊಂದು ಕೊರತೆ. ಮುಂದಿನದರಲ್ಲಿ ಐದನೆಯ ದಾರಿ ಸೇರಿಸುತ್ತಿದ್ದೇನೆ, ಆದರೆ ಎಲ್‌ಎಂ339ರಲ್ಲಿ ಇರುವುದು ನಾಲ್ಕೇ ಕಂಪ್ಯಾರೇಟರ್ ಆದ್ದರಿಂದ ಇನ್ನೊಂದು ಐಸಿ ಬೇಕು, ಸೆಲ್‌ನ ಲೆಕ್ಕವನ್ನೂ ಹೊಸದಾಗಿ ಹಾಕಬೇಕು.