ಡಿಎನ್‌ಎ ರಿಪೋರ್ಟ್‌ನಲ್ಲಿ ಎಚ್‌ಐವಿ ಬಗ್ಗೆ ಇರೋದನ್ನ ಓದೋದು ಹೇಗೆ

ನಂಗೆ ಎಚ್‌ಐವಿ ತಗಲುತ್ತಾ ಇಲ್ವಾ ಅಂತ ಜೀನ್ ನೋಡಿ ಹೇಳ್ಬೋದಾ? ಸ್ವಲ್ಪ ಮಟ್ಟಿಗೆ ಹೌದು, ಆದ್ರೆ ಆ ಸ್ವಲ್ಪನೇ ತಪ್ಪಾಗಿ ಓದ್ಕೊಂಡ್ರೆ ಕಷ್ಟ.

ಮೊದಲು ಡಿಎನ್‌ಎ ಟೆಸ್ಟ್ ಕಂಪನಿ ಕೊಡೋ ಡೇಟಾ ಫೈಲ್‌ನಲ್ಲಿ ಸಿಸಿಆರ್5 ಅನ್ನೋ ಜೀನ್ ಹುಡುಕಿ, ಅದ್ರಲ್ಲಿ ಬೇಕಾಗಿರೋದು ಡೆಲ್ಟಾ 32 ಅನ್ನೋ ಬದಲಾವಣೆ, ಅದರ ನಂಬರ್ ಆರ್‌ಎಸ್333. ವೈರಸ್ ನಮ್ಮ ಟಿ ಸೆಲ್ (ರೋಗದ ವಿರುದ್ಧ ಹೋರಾಡೋ ಬಿಳಿ ರಕ್ತಕಣ) ಒಳಗೆ ಹೋಗ್ಬೇಕಾದ್ರೆ ಸೆಲ್ ಮೇಲಿರೋ ಸಿಡಿ4 ಅನ್ನೋ ಪ್ರೋಟೀನ್ ಒಂದೇ ಸಾಕಾಗಲ್ಲ, ಪಕ್ಕದಲ್ಲಿ ಇನ್ನೊಂದು ಹಿಡಿ ಬೇಕು, ಸಾಮಾನ್ಯವಾಗಿ ಅದೇ ಸಿಸಿಆರ್5, ಈ ಜೀನ್‌ನಲ್ಲಿ 32 ಅಕ್ಷರ ಬಿಟ್ಟುಹೋಗಿದ್ರೆ ಪ್ರೋಟೀನ್ ಅರ್ಧಕ್ಕೇ ತುಂಡಾಗಿ ಸೆಲ್ ಮೇಲೆ ಬರೋದೇ ಇಲ್ಲ, ವೈರಸ್ಸಿಗೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ. 1996ರಲ್ಲಿ ಗೊತ್ತಾದ ವಿಷ್ಯ ಇದು.

ಕೆಲವು ಫೈಲ್‌ಗಳಲ್ಲಿ ಐಐ, ಡಿಐ, ಡಿಡಿ ಅಂತ ಇರುತ್ತೆ, ಐ ಅಂದ್ರೆ ನಾರ್ಮಲ್ ಕಾಪಿ, ಡಿ ಅಂದ್ರೆ 32 ಅಕ್ಷರ ಬಿಟ್ಟುಹೋಗಿರೋ ಕಾಪಿ. ಐಐ ಅಂದ್ರೆ ಎರಡು ಕಾಪಿನೂ ನಾರ್ಮಲ್, ಅಂದ್ರೆ ಯಾವ ರಕ್ಷಣೆನೂ ಇಲ್ಲ (ಇದನ್ನ ಉಲ್ಟಾ ಓದಿ ಖುಷಿ ಪಡ್ಬೇಡಿ). ಡಿಐ ಇದ್ರೆ ಒಂದು ಕಾಪಿ ಮಾತ್ರ ಕೆಟ್ಟಿದೆ, ಸೋಂಕು ತಗಲೋ ಸಾಧ್ಯತೆ ಇದ್ದೇ ಇರುತ್ತೆ, ಔಷಧಿ ಇಲ್ಲದ ಕಾಲದಲ್ಲಿ ಇಂಥವ್ರಿಗೆ ಏಡ್ಸ್ ಹಂತ ಸರಾಸರಿ ಎರಡು ವರ್ಷ ತಡವಾಗಿ ಬರ್ತಿತ್ತು, ಅಷ್ಟೇ. ಡಿಡಿ ಇದ್ರೆ ಮಾತ್ರ ನಿಜವಾದ ತಡೆ, ಅದೂ ಉತ್ತರ ಯುರೋಪ್ ಮೂಲದವ್ರಲ್ಲಿ 100ಕ್ಕೆ ಒಬ್ರಿಗೆ, ಆಫ್ರಿಕಾ, ಏಷ್ಯಾ ಮೂಲದವ್ರಲ್ಲಿ ಹೆಚ್ಚುಕಮ್ಮಿ ಇಲ್ವೇ ಇಲ್ಲ.

ಡಿಡಿ ಇದ್ರೂ ಪೂರ್ತಿ ಸೇಫ್ ಅಲ್ಲ ಮತ್ತೆ. ಸಿಎಕ್ಸ್‌ಸಿಆರ್4 ಅನ್ನೋ ಬೇರೆ ಹಿಡಿ ಬಳಸೋ ವೈರಸ್ ತಳಿಗಳಿವೆ, ಡಿಡಿ ಇರೋರಿಗೂ ಎಚ್‌ಐವಿ ಬಂದಿರೋ ಕೇಸ್ ದಾಖಲಾಗಿವೆ. ಜೊತೆಗೆ ವೆಸ್ಟ್ ನೈಲ್ ವೈರಸ್ ತಗುಲಿದ್ರೆ ಇವ್ರಿಗೇ ಜಾಸ್ತಿ ಕಾಟ.

ಬರ್ಲಿನ್‌ನಲ್ಲಿ ಟಿಮೊಥಿ ರೇ ಬ್ರೌನ್ ಅನ್ನೋರು ಎಚ್‌ಐವಿಯಿಂದ ಗುಣ ಆದ್ರಲ್ಲ, ಹಂಗೇ ಮಾಡ್ಬೋದಲ್ವಾ ಅಂತ ಕೇಳೋರಿದಾರೆ. ಅವ್ರಿಗೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇತ್ತು, ಅದಕ್ಕೆ 2007ರಲ್ಲಿ ಡಿಡಿ ಇರೋ ದಾನಿಯಿಂದ ಸ್ಟೆಮ್ ಸೆಲ್ ಹಾಕಿದ್ರು. ಕ್ಯಾನ್ಸರ್ ಇಲ್ದೇ ಇರೋರಿಗೆ ಆ ಟ್ರಾನ್ಸ್‌ಪ್ಲಾಂಟೇ ಪ್ರಾಣಕ್ಕೆ ಕುತ್ತು, ದಿನಾ ಒಂದು ಮಾತ್ರೆ ನುಂಗೋದು ಎಷ್ಟೋ ವಾಸಿ.

ಆಮೇಲೆ ಎಚ್‌ಎಲ್‌ಎ-ಬಿ, ವೈರಸ್ ತುಣುಕುಗಳನ್ನ ಇಮ್ಯೂನ್ ಸೆಲ್‌ಗಳಿಗೆ ತೋರಿಸೋ ಪ್ರೋಟೀನ್‌ನ ಜೀನ್, ಇದಕ್ಕೆ ನಂಬರ್ ಇರೋ ಹಲವು ಬಗೆ ಇವೆ. ಇದ್ರಲ್ಲಿ 57, 27 ಇದ್ರೆ ಸೋಂಕು ತಡೆಯಲ್ಲ, ಬಂದ್ಮೇಲೆ ವೈರಸ್ಸನ್ನ ಚೆನ್ನಾಗಿ ಅದುಮಿ ಇಡುತ್ತೆ, ಯಾಕಂದ್ರೆ ವೈರಸ್ ಬದಲಾಯಿಸ್ಕೊಂಡ್ರೆ ತಾನೇ ಸೊರಗೋ ಅಂಥ ಭಾಗಗಳನ್ನೇ ನಮ್ಮ ಇಮ್ಯೂನ್ ಸೆಲ್‌ಗಳಿಗೆ ತೋರಿಸಿಕೊಡುತ್ತೆ. 35ರ ಕೆಲವು ಬಗೆ ಇದ್ರೆ ಉಲ್ಟಾ, ಕಾಯಿಲೆ ಬೇಗ ಏರುತ್ತೆ. ನನ್ನ ಕೇಳಿದ್ರೆ ಇಡೀ ರಿಪೋರ್ಟ್‌ನಲ್ಲಿ ನಿಜವಾಗ್ಲೂ ಕೆಲಸಕ್ಕೆ ಬರೋದು ಬಿ 57:01 ಒಂದೇ, ಅದು ಇರೋರಿಗೆ ಅಬಾಕವಿರ್ ಅನ್ನೋ ಎಚ್‌ಐವಿ ಔಷಧಿ ಕೊಟ್ರೆ ಜ್ವರ, ದದ್ದು ಬಂದು ಭಾರೀ ಅಲರ್ಜಿ ಆಗ್ಬೋದು, ಒಮ್ಮೆ ನಿಲ್ಲಿಸಿ ಮತ್ತೆ ತಗೊಂಡ್ರೆ ಜೀವಕ್ಕೇ ಅಪಾಯ, ಅದಕ್ಕೇ ಆ ಔಷಧಿ ಶುರು ಮಾಡೋ ಮುಂಚೆ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸ್ಬೇಕು, ಮನೆ ಕಿಟ್ ಡೇಟಾ ನಂಬ್ಕೊಂಡು ಕೂರ್ಬೇಡಿ.

ಇನ್ನು ರಿಸ್ಕ್ ಆಗೋ ಘಟನೆ ಈಗಾಗ್ಲೇ ನಡೆದಿದ್ರೆ ಈ ಫೈಲ್ ಓಪನ್ ಮಾಡೋಕೂ ಹೋಗ್ಬೇಡಿ, 72 ಗಂಟೆ ಒಳಗೆ ಪಿಇಪಿ (ಸೋಂಕು ಕೂರದಂಗೆ ತಡೆಯೋ) ಮಾತ್ರೆ ಶುರು ಆಗ್ಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, 28 ದಿನದ ಕೋರ್ಸ್ ಅದು.