ಸಂಗೀತಕ್ಕೂ ಸಿನಿಮಾಕ್ಕೂ ಒಂದೇ ಕೋಣೆ: ನಾನು ಸಬ್‌ವೂಫರ್ ಆರಿಸಿಕೊಂಡ ಬಗೆ

ನಮ್ಮ ಕೋಣೆಯಲ್ಲಿ ಹೆಚ್ಚು ಹೊತ್ತು ನಡೆಯುವುದು ಸಂಗೀತ, ಬಿಡುವಾದಾಗ ಸಿನಿಮಾ. ಎರಡಕ್ಕೂ ಒಂದೇ ಜೋಡಿ ಬುಕ್‌ಶೆಲ್ಫ್ ಸ್ಪೀಕರು, ಒಂದೇ ಎವಿ ರಿಸೀವರು (ಧ್ವನಿಯನ್ನು ಸ್ಪೀಕರುಗಳಿಗೆ ಹಂಚಿ, ಶಕ್ತಿ ಕೊಟ್ಟು ನಡೆಸುವ ಯಂತ್ರ). ಆ ಸ್ಪೀಕರುಗಳ ಶಕ್ತಿ 55 ಹರ್ಟ್ಸ್‌ಗಿಂತ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ; ಅಂಕಿ ಇಳಿದಷ್ಟೂ ಸ್ವರ ಮಂದ್ರ) ಕೆಳಗೆ ಬೇಗನೆ ಕುಗ್ಗುವುದರಿಂದ, ಮಂದ್ರ ಶಬ್ದಕ್ಕೆಂದೇ ಇರುವ ಪ್ರತ್ಯೇಕ ಸ್ಪೀಕರಾದ ಸಬ್‌ವೂಫರ್ ಬೇಕೇ ಬೇಕಾಗಿತ್ತು. ಸಂಗೀತಕ್ಕಾದರೆ ಪೂರ್ತಿ ಮುಚ್ಚಿದ ಸೀಲ್ಡ್ ಪೆಟ್ಟಿಗೆ, ಸಿನಿಮಾಕ್ಕಾದರೆ ಪೋರ್ಟ್ (ಗಾಳಿ ಹೊರಬರುವ ಕೊಳವೆ) ಇರುವ ಪೆಟ್ಟಿಗೆ ಎಂಬ ಸಲಹೆ ಎಲ್ಲ ಕಡೆಯೂ ಸಿಗುತ್ತದೆ. ಅದರಲ್ಲಿ ಸತ್ಯಾಂಶವಿದೆಯಾದರೂ, ನನ್ನ ಆಯ್ಕೆಯನ್ನು ಕೊನೆಗೆ ನಿರ್ಧರಿಸಿದ್ದು ಪೆಟ್ಟಿಗೆಗಿಂತ ಹೆಚ್ಚಾಗಿ ಕೋಣೆ.

ಮೊದಲು ನನಗೆ ಬೇಕಾದದ್ದೇನು ಎಂಬುದನ್ನು ಬರೆದಿಟ್ಟುಕೊಂಡೆ. ನಾಲ್ಕು ತಂತಿಯ ಬಾಸ್ ಗಿಟಾರ್ ಮತ್ತು ಡಬಲ್ ಬಾಸ್‌ಗಳ ಅತಿ ಮಂದ್ರದ ಸ್ವರ ಸುಮಾರು 41 ಹರ್ಟ್ಸ್. ಐದು ತಂತಿಯದ್ದಾದರೆ 31. ಪಿಯಾನೋದ ಕೊನೆಯ ಮಣೆ 27.5. ಪೈಪ್ ಆರ್ಗನ್ನಿನ 32 ಅಡಿಯ ಕೊಳವೆ 16 ಹರ್ಟ್ಸ್‌ವರೆಗೆ ಇಳಿಯುತ್ತದೆ, ಆದರೆ ನಾನು ಕೇಳುವ ಸಂಗೀತದಲ್ಲಿ ಅದು ತೀರ ಅಪರೂಪ. ಅಂದರೆ 30 ಹರ್ಟ್ಸ್‌ವರೆಗೆ ಸಮನಾಗಿ, ಹದವಾದ ಮಟ್ಟದಲ್ಲಿ ನುಡಿಸಬಲ್ಲ ಸಬ್‌ವೂಫರ್ ನನ್ನ ಸಂಗೀತಕ್ಕೆ ಸಾಕು. ಸಿನಿಮಾದ ಬೇಡಿಕೆ ಬೇರೆ ಬಗೆಯದು. ಸಿನಿಮಾದ ಧ್ವನಿಯನ್ನು 5.1 ಎನ್ನುವಲ್ಲಿನ ಆ ‘.1’ ಎಲ್‌ಎಫ್‌ಇ ಎಂಬ ಪ್ರತ್ಯೇಕ ಚಾನೆಲ್. ಅದು 120 ಹರ್ಟ್ಸ್‌ಗಿಂತ ಕೆಳಗಿನ ಶಬ್ದಕ್ಕೆಂದೇ ಇದ್ದು, ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಹೆಚ್ಚು ಜೋರಾಗಬಲ್ಲದು. ರೆಫರೆನ್ಸ್ ಮಟ್ಟದಲ್ಲಿ, ಅಂದರೆ ಸಿನಿಮಾ ಧ್ವನಿಗೆ ಗೊತ್ತುಮಾಡಿದ ಮಾನಕ ಮಟ್ಟದಲ್ಲಿ, ಒಂದೊಂದು ಮುಖ್ಯ ಚಾನೆಲ್ಲಿನ ಗರಿಷ್ಠ ಮಿತಿ 105 ಡೆಸಿಬೆಲ್ ಆದರೆ ಎಲ್‌ಎಫ್‌ಇಯದು 115. ಸ್ಫೋಟ, ಗುಡುಗು, ಭೂಕಂಪಗಳ ದೃಶ್ಯಗಳಲ್ಲಿ ಈ ಶಬ್ದ 20 ಹರ್ಟ್ಸ್‌ಗೂ ಕೆಳಗಿಳಿಯುವುದುಂಟು. 10 ಡೆಸಿಬೆಲ್ ಹೆಚ್ಚಬೇಕಾದರೆ ಆಂಪ್ಲಿಫೈಯರಿನ ಶಕ್ತಿ ಹತ್ತು ಪಟ್ಟಾಗಬೇಕು. 40 ಹರ್ಟ್ಸ್‌ನಲ್ಲಿರುವಷ್ಟೇ ಜೋರು 20ರಲ್ಲೂ ಬೇಕಾದರೆ ಕೋನು ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. ಸಿನಿಮಾಕ್ಕೆಂದು ಮಾಡಿದ ಸಬ್‌ವೂಫರುಗಳು ಅಷ್ಟು ದೊಡ್ಡವಾಗಿರುವುದು ಈ ಕಾರಣಕ್ಕೆ.

ಎರಡೂ ಬಗೆಯ 12 ಇಂಚಿನ ಸಬ್‌ವೂಫರುಗಳನ್ನು ನನ್ನ ಕೋಣೆಯಲ್ಲೇ, ಒಂದೇ ಜಾಗದಲ್ಲಿಟ್ಟು ಕೇಳಿದೆ. ಪೋರ್ಟ್ ಇದ್ದದ್ದನ್ನು 20 ಹರ್ಟ್ಸ್ ಹತ್ತಿರಕ್ಕೆ ಟ್ಯೂನ್ ಮಾಡಲಾಗಿತ್ತು, ಅಂದರೆ ಪೋರ್ಟಿನ ನೆರವು ಅಲ್ಲಿ ಹೆಚ್ಚು ಸಿಗುವಂತೆ ಹೊಂದಿಸಲಾಗಿತ್ತು. ಆ ಭಾಗದಲ್ಲಿ ಅದರ ಬಲ ಸೀಲ್ಡ್ ಪೆಟ್ಟಿಗೆಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಟ್ಯೂನಿಂಗಿನ ಕೆಳಗೆ ಪೋರ್ಟ್ ಪೆಟ್ಟಿಗೆಯ ಶಬ್ದ ಆಕ್ಟೇವ್‌ಗೆ (ಹರ್ಟ್ಸ್ ಅರ್ಧಕ್ಕಿಳಿದಾಗಲೆಲ್ಲ) 24 ಡೆಸಿಬೆಲ್‌ನಂತೆ ಕಡಿದಾಗಿ ಬೀಳುತ್ತದೆ. ಸೀಲ್ಡ್ ಪೆಟ್ಟಿಗೆಯದು 12ರಂತೆ ನಿಧಾನವಾಗಿ ಇಳಿಯುತ್ತದೆ, ಮತ್ತು ಚಿಕ್ಕ ಕೋಣೆ ತಾನೇ ಅತಿ ಮಂದ್ರಕ್ಕೆ ಸ್ವಲ್ಪ ಬಲ ಕೊಡುವುದರಿಂದ ಆ ಇಳಿತ ಇನ್ನಷ್ಟು ತಗ್ಗುತ್ತದೆ. ಪೋರ್ಟ್ ಪೆಟ್ಟಿಗೆಯ ಬಾಸ್ ‘ನಿಧಾನ’ ಎಂಬ ಮಾತನ್ನು ಹಾಗೆಯೇ ಒಪ್ಪಲು ನನಗೆ ಸಾಧ್ಯವಿಲ್ಲ. ಪೋರ್ಟಿನಿಂದಾಗುವ ವಿಳಂಬ ಟ್ಯೂನಿಂಗಿನ ಆಸುಪಾಸಿನಲ್ಲಿ ಹೆಚ್ಚು. ಅದು 20 ಹರ್ಟ್ಸ್‌ನಲ್ಲಿದ್ದರೆ ಡಬಲ್ ಬಾಸ್‌ನ ಸ್ವರಗಳಿಗೆ ಅದರಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಆದರೆ 40 ಹರ್ಟ್ಸ್ ಸುತ್ತ ಟ್ಯೂನ್ ಮಾಡಿದ ಚಿಕ್ಕ, ಅಗ್ಗದ ಪೆಟ್ಟಿಗೆಗಳಲ್ಲಿ ಆ ವಿಳಂಬ ಸರಿಯಾಗಿ ಸಂಗೀತದ ನಡುವೆಯೇ ಬಂದು ಕೂರುತ್ತದೆ. ಪೋರ್ಟಿನ ಮೇಲಿನ ದೂರು ಹುಟ್ಟಿದ್ದು ಬಹುಮಟ್ಟಿಗೆ ಇವುಗಳಿಂದ ಎಂಬುದು ನನ್ನ ಅಭಿಪ್ರಾಯ.

ಇನ್ನು ಕೋಣೆಯ ವಿಷಯ. ಅದರ ಉದ್ದ 5 ಮೀಟರ್, ಅಗಲ 3.7 ಮೀಟರ್. ಸ್ಪೀಕರುಗಳು ಉದ್ದನೆಯ ಗೋಡೆಯ ಬಳಿ, ಸೋಫಾ ಎದುರಿನ ಗೋಡೆಯ ಬಳಿ. ಸಬ್‌ವೂಫರನ್ನು ಮುಂದಿನ ಮೂಲೆಯಲ್ಲಿಟ್ಟು, ಬಾಸ್ ಗಿಟಾರ್ ಒಂದೊಂದೇ ಸ್ವರ ಏರುತ್ತ ಹೋಗುವ ಧ್ವನಿಮುದ್ರಣವೊಂದನ್ನು ಹಾಕಿದಾಗ ಇ, ಎಫ್ ಸ್ವರಗಳು ಹದವಾಗಿ ಕೇಳಿ, ಎಫ್ ಶಾರ್ಪ್ ಬಂದೊಡನೆ ಸೋಫಾದಲ್ಲಿ ಕುಳಿತವರ ಎದೆಗೆ ತಾಗುವಷ್ಟು ಉಬ್ಬುತ್ತಿತ್ತು. ಮುಂದಿನ ಸ್ವರ ಶುರುವಾದ ಮೇಲೂ ಅದರ ಗುಂಯ್ಗುಡುವಿಕೆ ನಿಲ್ಲುತ್ತಿರಲಿಲ್ಲ. ಲೆಕ್ಕ ಹಾಕಿದರೆ ಕಾರಣ ನೇರವಾಗಿದೆ: ಎದುರುಬದುರು ಗೋಡೆಗಳ ನಡುವೆ ಪುಟಿಯುವ ಶಬ್ದ ಒಂದು ನಿರ್ದಿಷ್ಟ ಸ್ವರದಲ್ಲಿ ಅನುರಣಿಸಿ ಉಬ್ಬುತ್ತದೆ. ಶಬ್ದದ ವೇಗವಾದ ಸೆಕೆಂಡಿಗೆ 343 ಮೀಟರನ್ನು ಅಗಲದ ಎರಡರಷ್ಟರಿಂದ, ಅಂದರೆ 7.4ರಿಂದ, ಭಾಗಿಸಿದರೆ ಸುಮಾರು 46 ಹರ್ಟ್ಸ್ ಬರುತ್ತದೆ. ಆ ಎಫ್ ಶಾರ್ಪ್ ಕೂಡ 46 ಹರ್ಟ್ಸ್‌ನದ್ದೇ. ಅಳತೆಯ ಮೈಕನ್ನು ಸೋಫಾದ ಮೇಲಿಟ್ಟು, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶದಲ್ಲಿ ನೋಡಿದಾಗ ಅದೇ ಜಾಗದಲ್ಲಿ ಗುಡ್ಡದಂಥ ಏರು ಕಾಣಿಸಿತು. ಸೀಲ್ಡ್ ಇಟ್ಟರೂ ಪೋರ್ಟ್ ಇಟ್ಟರೂ ಅದು ಅಲ್ಲೇ ಇತ್ತು.

ಹೀಗಾಗಿ ಒಂದು ದೊಡ್ಡ ಸಬ್‌ವೂಫರಿನ ಬದಲು, ಅದೇ ಹಣದಲ್ಲಿ 10 ಇಂಚಿನ ಎರಡು ಸೀಲ್ಡ್ ಸಬ್‌ವೂಫರುಗಳನ್ನು ಕೊಂಡೆ. ಆಡಿಯೊ ಉಪಕರಣ ತಯಾರಿಸುವ ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಅವರು 2002ರಲ್ಲಿ ಮಂಡಿಸಿದ ಸಂಶೋಧನೆ ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಸಬ್‌ವೂಫರ್ ಇಡುವ ಕ್ರಮವನ್ನು ಬೆಂಬಲಿಸುತ್ತದೆ. ನಾನು ಅನುಸರಿಸಿದ್ದು ಅದನ್ನೇ. ಒಂದು ಮುಂದಿನ ಗೋಡೆಯ ಮಧ್ಯಕ್ಕೆ ಹೋಯಿತು. ಸೋಫಾವನ್ನು ಒಂದೂವರೆ ಅಡಿ ಮುಂದಕ್ಕೆ ಎಳೆದು ಇನ್ನೊಂದನ್ನು ಅದರ ಹಿಂದೆ ಇಟ್ಟೆ. ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟಾಗ ಆ 46 ಹರ್ಟ್ಸ್‌ನ ಅನುರಣನವನ್ನು ಒಂದು ಎಬ್ಬಿಸುವಷ್ಟನ್ನೇ ಇನ್ನೊಂದು ಅಡಗಿಸುತ್ತದೆ. ಉದ್ದದ ದಿಕ್ಕಿನ 34 ಹರ್ಟ್ಸ್‌ನದ್ದಂತೂ ಗೋಡೆಯ ಮಧ್ಯದಿಂದ ಏಳುವುದೇ ಇಲ್ಲ. ಉಳಿದದ್ದು 69 ಹರ್ಟ್ಸ್ ಬಳಿಯ ಒಂದು ಏರು. ಅದನ್ನು ಈಕ್ವಲೈಜರಿನಲ್ಲಿ (ಆಯ್ದ ಸ್ವರಗಳ ಜೋರನ್ನು ಏರಿಸುವ, ಇಳಿಸುವ ಸಾಧನ) ತಗ್ಗಿಸಿದೆ. ಏರನ್ನು ಹೀಗೆ ತಗ್ಗಿಸಬಹುದೇ ಹೊರತು ಕೋಣೆಯಿಂದಾದ ಆಳವಾದ ತಗ್ಗನ್ನು ಈಕ್ವಲೈಜರಿನಿಂದ ತುಂಬಲು ಹೋಗಬಾರದು; ಆಂಪ್ಲಿಫೈಯರಿನ ಶಕ್ತಿ ಖರ್ಚಾಗುತ್ತದೆ, ತಗ್ಗು ಹಾಗೇ ಉಳಿಯುತ್ತದೆ.

ಸಂಗೀತದ ಮಟ್ಟಿಗೆ ಮುಂದಿನ ಕೆಲಸವೇ ಹೆಚ್ಚು ಸೂಕ್ಷ್ಮದ್ದು. ಸ್ಪೀಕರು ಎಲ್ಲಿ ಮುಗಿಯಿತು, ಸಬ್‌ವೂಫರ್ ಎಲ್ಲಿ ಶುರುವಾಯಿತು ಎಂಬುದು ಕಿವಿಗೆ ತಿಳಿಯಬಾರದು. ರಿಸೀವರಿನಲ್ಲಿ ಸ್ಪೀಕರುಗಳನ್ನು ‘ಸ್ಮಾಲ್’ (ಅಂದರೆ ಅವುಗಳ ಮಂದ್ರ ಭಾಗ ಸಬ್‌ವೂಫರಿಗೆ ಹೋಗಲಿ) ಎಂದು ಗುರುತಿಸಿ, ಶಬ್ದವನ್ನು ಎರಡರ ನಡುವೆ ಹಂಚುವ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಸ್‌ಗೆ ಇಟ್ಟೆ. ಸಬ್‌ವೂಫರುಗಳ ಬೆನ್ನಿನ ಮೇಲಿನ ಕ್ರಾಸ್‌ಓವರ್ ತಿರುಪನ್ನು ಕೊನೆಯವರೆಗೆ ತಿರುಗಿಸಿಬಿಟ್ಟೆ, ಇಲ್ಲವಾದರೆ ಎರಡು ಫಿಲ್ಟರುಗಳು ಒಂದರ ಮೇಲೊಂದು ಕೂತು ನಡುವೆ ಹಳ್ಳ ಬೀಳುತ್ತದೆ. ಆಮೇಲೆ 80 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ನುಡಿಸುತ್ತ, ರಿಸೀವರಿನಲ್ಲಿ ಸಬ್‌ವೂಫರಿನ ದೂರದ ಅಂಕಿಯನ್ನು (ಶಬ್ದದ ವಿಳಂಬವನ್ನು ಹೊಂದಿಸುವುದು ಇದೇ) ಸ್ವಲ್ಪ ಸ್ವಲ್ಪವೇ ಬದಲಿಸಿ, ಸೋಫಾದಲ್ಲಿ ಆ ಸ್ವರ ಅತಿ ಜೋರಾಗಿ ಕೇಳುವ ಅಂಕಿಯಲ್ಲಿ ನಿಲ್ಲಿಸಿದೆ. ಅಲ್ಲಿ ಸ್ಪೀಕರೂ ಸಬ್‌ವೂಫರೂ ಒಂದೇ ಹೆಜ್ಜೆಯಲ್ಲಿರುತ್ತವೆ.

ಸಿನಿಮಾಕ್ಕೆ ಈ ಜೋಡಿಯ ಮಟ್ಟವನ್ನು 4 ಡೆಸಿಬೆಲ್ ಏರಿಸುತ್ತೇನೆ, ಸಂಗೀತಕ್ಕೆ ಮತ್ತೆ ಇಳಿಸುತ್ತೇನೆ. ಇಷ್ಟಾದರೂ 20 ಹರ್ಟ್ಸ್‌ನಲ್ಲಿ ರೆಫರೆನ್ಸ್ ಮಟ್ಟ ನನಗೆ ಸಿಕ್ಕಿಲ್ಲ. ನಾವು ಅದಕ್ಕಿಂತ ಸಾಕಷ್ಟು ಕಡಿಮೆ ಧ್ವನಿಯಲ್ಲೇ ನೋಡುವುದರಿಂದ ಆ ಕೊರತೆ ಕಾಡುವುದಿಲ್ಲ. ಕೋಣೆ ದೊಡ್ಡದಾಗಿ, ಊಟದ ಜಾಗಕ್ಕೋ ಮೆಟ್ಟಿಲಿಗೋ ತೆರೆದುಕೊಂಡಿದ್ದು, ಸಿನಿಮಾವೇ ಮುಖ್ಯವಾಗಿದ್ದರೆ 20 ಹರ್ಟ್ಸ್ ಹತ್ತಿರಕ್ಕೆ ಟ್ಯೂನ್ ಮಾಡಿದ ದೊಡ್ಡ ಪೋರ್ಟ್ ಪೆಟ್ಟಿಗೆಗಳನ್ನೇ ಆರಿಸಿಕೊಳ್ಳಬೇಕೆಂದು ಹೇಳುತ್ತೇನೆ. ಅಂಥ ಜಾಗದಲ್ಲಿ ಚಿಕ್ಕ ಸೀಲ್ಡ್ ಪೆಟ್ಟಿಗೆಗೆ ಕೋಣೆಯ ಆಸರೆ ಸಿಗುವುದಿಲ್ಲ. ಕೊಳ್ಳುವಾಗ ‘20 ಹರ್ಟ್ಸ್‌ವರೆಗೆ’ ಎಂಬ ಒಂದೇ ಸಾಲನ್ನು ನೋಡಿ ತೃಪ್ತರಾಗದೆ, ಸಬ್‌ವೂಫರುಗಳನ್ನು ಅಳೆಯುವ ಸಿಇಎ-2010 (ಈಗಿನ ಹೆಸರು ಸಿಟಿಎ-2010) ವಿಧಾನದ ಅಳತೆಗಳು ಸಿಗುತ್ತವೆಯೇ ಎಂದು ಹುಡುಕಿ. 20, 25, 31.5 ಹರ್ಟ್ಸ್‌ಗಳಲ್ಲಿ ವಿರೂಪ ಮಿತಿ ಮೀರದಂತೆ ಆ ಸಬ್‌ವೂಫರ್ ಎಷ್ಟು ಜೋರಾಗಬಲ್ಲದು ಎಂಬುದು ಅದರಲ್ಲಿರುತ್ತದೆ, ಮತ್ತು ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ನನಗೆ ನಿಜಕ್ಕೂ ಉಪಯೋಗಕ್ಕೆ ಬಂದ ಅಂಕಿಗಳು ಅವೇ.