ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ: ಮೊದಲು ಕಲಿಯಬೇಕಾದ ನುಡಿಗಟ್ಟುಗಳು

ಬೆಳಗಾವಿಯ ಖಡೇಬಜಾರದಲ್ಲಿ ಒಂದೇ ಅಂಗಡಿಯ ಮುಂದೆ ನಿಂತು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಚೌಕಾಸಿ ಮಾಡಿ ಬೆಳೆದವರಿಗೆ ಹೊಸ ಭಾಷೆಯ ಅಂಜಿಕೆ ಇರುವುದಿಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ನರ್ಸಿಂಗ್, ಎಂಜಿನಿಯರಿಂಗ್ ಓದಿ ಬರುವವರೂ ಇಂಗ್ಲಿಷ್ ಪರೀಕ್ಷೆ ಚೆನ್ನಾಗಿಯೇ ಪಾಸಾಗಿರುತ್ತಾರೆ. ಆದರೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನ್ ಬರುತ್ತದೆ: “ಅಕ್ಕಾರ, ಅವರು ಅಂದ ಒಂದೊಂದು ಶಬ್ದಾನೂ ತಿಳೀತೈತ್ರಿ, ಏನಂದ್ರು ಅನ್ನೋದ ತಿಳಿವಲ್ದ್ರಿ.”

ಇದಕ್ಕೆ ನಾಚಬೇಕಾಗಿಲ್ಲ. “ತಪ್ಪಾತ್ರಿ, ಹೊಟ್ಟ್ಯಾಗ ಹಾಕ್ಕೋರಿ” ಎಂದು ನಾವು ಕ್ಷಮೆ ಕೇಳಿದರೆ ಹೊಸದಾಗಿ ಕನ್ನಡ ಕಲಿತವರೂ ಹಾಗೇ ದಿಗಿಲುಬೀಳುತ್ತಾರೆ. ನುಡಿಗಟ್ಟುಗಳ ಪುಸ್ತಕ ತಂದು ಬಾಯಿಪಾಠ ಮಾಡಬೇಡಿ. ತಪ್ಪು ತಿಳಿದರೆ ನೌಕರಿಗೋ ಜೀವಕ್ಕೋ ತೊಂದರೆ ತರುವಂಥವನ್ನು ಮೊದಲು ಕಲಿಯಿರಿ. ಉಳಿದವು ನಿಧಾನವಾಗಿ ಬರುತ್ತವೆ.

ಎಲ್ಲಕ್ಕಿಂತ ಮೊದಲು ‘ವಿ ಆರ್ ಲೆಟಿಂಗ್ ಯು ಗೋ’. ಕೇಳಲು ಎಷ್ಟು ಮೆತ್ತಗಿದ್ದರೂ ಅದರ ಅರ್ಥ ನಿಮ್ಮನ್ನು ಕೆಲಸದಿಂದ ತೆಗೆಯುತ್ತಿದ್ದೇವೆ ಎಂದು. ‘ರಿಡಂಡೆಂಟ್’ ಅಂದರೆ ನಿಮ್ಮ ಹುದ್ದೆಯೇ ಇಲ್ಲವಾಗುತ್ತಿದೆ. ಒಂದೇ ಕಡೆ ಎರಡು ವರ್ಷ ಪೂರ್ತಿ ದುಡಿದವರಿಗೆ ಕಾನೂನು ಪ್ರಕಾರ ಪರಿಹಾರ ಸಿಗುತ್ತದೆ. ‘ಗಾರ್ಡನಿಂಗ್ ಲೀವ್’ಗೂ ತೋಟಕ್ಕೂ ಸಂಬಂಧವಿಲ್ಲ. ನೋಟಿಸ್ ಅವಧಿಯಲ್ಲಿ ಪಗಾರ ಬರುತ್ತದೆ, ಆದರೆ ಆಫೀಸಿಗೆ ಬರುವಂತಿಲ್ಲ, ಬೇರೆ ಕಂಪನಿಗೂ ಸೇರುವಂತಿಲ್ಲ. ಕೆಲಸದ ವೀಸಾದ ಮೇಲೆ ಇರುವವರು ಇಂಥ ಮಾತು ಕಿವಿಗೆ ಬಿದ್ದ ದಿನವೇ ಲಿಖಿತವಾಗಿ ಕೇಳಿ ಪಡೆಯಿರಿ. ನೌಕರಿ ಹೋದ ಮೇಲೆ ವೀಸಾ ನೋಡಿಕೊಳ್ಳುವ ಇಲ್ಲಿನ ಗೃಹ ಇಲಾಖೆ, ಬೇರೆ ನೌಕರಿ ಹಿಡಿಯಲು ಇಲ್ಲವೇ ದೇಶ ಬಿಡಲು, ಸಾಮಾನ್ಯವಾಗಿ 60 ದಿನಗಳಷ್ಟೇ ಕಾಲಾವಕಾಶ ಕೊಡುತ್ತದೆ. ಕೆಲಸಗಾರರ ಹಕ್ಕಿನ ಬಗ್ಗೆ ‘ಏಕಾಸ್’ ಎಂಬ ಸಂಸ್ಥೆ ಪುಕ್ಕಟೆ ಸಲಹೆ ಕೊಡುತ್ತದೆ.

ಇನ್ನು ಮೇಲಧಿಕಾರಿಯ ಮಾತು. ನನ್ನ ಅನುಭವದಲ್ಲಿ ನಮ್ಮವರು ಹೆಚ್ಚು ಎಡವುವುದು ಇಲ್ಲೇ. ನಮ್ಮ ಕಡೆ ಕೆಲಸ ಕೆಟ್ಟರೆ “ಏನ್ ಮಾಡಿಯೋ ಇದನ್ನ?” ಎಂದು ಮುಖಕ್ಕೇ ಕೇಳುತ್ತಾರೆ, ಸಂಜೆ ಚಹಾಕ್ಕೂ ಕರೆಯುತ್ತಾರೆ. ಇಂಗ್ಲಿಷರು ಬೈಗುಳವನ್ನೂ ಮೆಲ್ಲಗೆ ಸುತ್ತಿ ಕೊಡುತ್ತಾರೆ. ‘ಯು ಮೈಟ್ ವಾಂಟ್ ಟು ಹ್ಯಾವ್ ಅನದರ್ ಲುಕ್’ ಅಂದರೆ ಇದನ್ನು ಮತ್ತೆ ಮಾಡು ಎಂದೇ. ನಿಮಗೆ ಬೇಕಿದ್ದರೆ ನೋಡಿ ಎಂದು ತಿಳಿದು ಸುಮ್ಮನಿರಬೇಡಿ. ‘ವಿತ್ ರೆಸ್ಪೆಕ್ಟ್’ ಎಂದು ಶುರುವಾದ ಮಾತಿನ ಹಿಂದೆ ವಿರೋಧ ಬರುತ್ತದೆ. ‘ಕ್ವೈಟ್ ಗುಡ್’ ಇಲ್ಲಿ ಎಷ್ಟೋ ಸಲ ಪರವಾಗಿಲ್ಲ ಅನ್ನುವಷ್ಟೇ. ‘ನಾಟ್ ಬ್ಯಾಡ್’ ಅಂದರೆ ನಿಜಕ್ಕೂ ಮೆಚ್ಚಿದ್ದಾರೆ ಎಂದಿರಬಹುದು. ‘ಐ ವಿಲ್ ಬೇರ್ ಇಟ್ ಇನ್ ಮೈಂಡ್’ ಅಂದವರ ಹಿಂದೆ ಮರುದಿನವೇ ಬೀಳಬೇಡಿ. ಬಹುಶಃ ಅವರು ಅದನ್ನು ಅಲ್ಲಿಗೇ ಬಿಟ್ಟಿದ್ದಾರೆ.

ಅಮೆರಿಕದ ಕಚೇರಿಯೊಡನೆ ಕೆಲಸ ಮಾಡುವವರಿಗೆ ಇನ್ನೊಂದು ಗುಂಡಿ ಇದೆ. ‘ಲೆಟ್ಸ್ ಟೇಬಲ್ ಇಟ್’ ಎಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ತೆಗೆದುಕೊಳ್ಳೋಣ ಎಂದು, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಎಂದು. ಅಲ್ಲಿನ ‘ರೇನ್ ಚೆಕ್’, ‘ಬಾಲ್‌ಪಾರ್ಕ್ ಫಿಗರ್’ ಬೇಸ್‌ಬಾಲ್‌ನಿಂದ ಬಂದವು: ಮೊದಲನೆಯದು ಇನ್ನೊಮ್ಮೆ ಬರುತ್ತೇನೆ, ಎರಡನೆಯದು ಅಂದಾಜು ಲೆಕ್ಕ. ಇಲ್ಲಿನ ‘ಸ್ಟಿಕಿ ವಿಕೆಟ್’ ನಿಮಗೆ ಕಷ್ಟವಾಗದು. ಮಳೆಗೆ ತೊಯ್ದು ಬಿಸಿಲಿಗೆ ಒಣಗುವ ಪಿಚ್ ಬ್ಯಾಟ್ ಹಿಡಿದವನನ್ನು ಹೇಗೆ ಕಾಡುತ್ತದೆ ಎಂದು ಗೊತ್ತಿದ್ದವರಿಗೆ ಅರ್ಥ ತಾನೇ ಹೊಳೆಯುತ್ತದೆ.

‘ಹಾಫ್ ಸಿಕ್ಸ್’ ಅಂದರೆ ಆರೂವರೆ, ಐದೂವರೆ ಅಲ್ಲ.

ನರ್ಸಿಂಗ್ ಕೆಲಸಕ್ಕೆ ಬಂದ ತಂಗಿಯರು, ತಮ್ಮಂದಿರು ಈ ಭಾಗವನ್ನು ಎರಡು ಸಲ ಓದಿ. ವಯಸ್ಸಾದ ರೋಗಿ ‘ಐ ಹ್ಯಾಡ್ ಎ ಫನಿ ಟರ್ನ್’ ಎಂದರೆ ನಗುವ ವಿಷಯ ಅಲ್ಲವೇ ಅಲ್ಲ. ಇದ್ದಕ್ಕಿದ್ದಂತೆ ತಲೆ ತಿರುಗಿತು, ಕಣ್ಣು ಕತ್ತಲೆ ಬಂದಂತಾಯಿತು ಎಂದು ಅವರು ಹೇಳುತ್ತಿದ್ದಾರೆ. ಕೂಡಲೇ ಬರೆದುಕೊಂಡು ಮೇಲಿನವರಿಗೆ ತಿಳಿಸಿ. ‘ಪಿನ್ಸ್ ಆ್ಯಂಡ್ ನೀಡಲ್ಸ್’ ಅಂದರೆ ಕೈಕಾಲು ಜೋಮು ಹಿಡಿದು ಜುಮುಗುಡುವುದು. ‘ಸ್ಪೆಂಡ್ ಎ ಪೆನ್ನಿ’ ಅಂದರೆ ಶೌಚಕ್ಕೆ ಹೋಗಬೇಕು ಎಂದು. ಹಿಂದೆ ಇಲ್ಲಿನ ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನ್ನಿ ನಾಣ್ಯ ಹಾಕಬೇಕಿತ್ತು. ‘ಅಂಡರ್ ದ ವೆದರ್’ ಸ್ವಲ್ಪ ಮೈ ಹುಷಾರಿಲ್ಲದ್ದಕ್ಕೆ ಅನ್ನುವ ಮಾತು. ಎದೆನೋವಿನಂಥದ್ದಕ್ಕೆ ನೀವು ಅದನ್ನು ಬಳಸಬೇಡಿ, ನೇರವಾಗಿ ಎದೆನೋವು ಎಂದೇ ಹೇಳಿ, ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ.

ನಾವು ಊರಿನಿಂದ ತಂದ ಇಂಗ್ಲಿಷನ್ನೂ ಒಮ್ಮೆ ತಿರುವಿ ನೋಡಿಕೊಳ್ಳಬೇಕು. ‘ಐ ಪಾಸ್ಡ್ ಔಟ್ ಇನ್ 2022’ ಎಂದರೆ ಇಲ್ಲಿನವರಿಗೆ ನೀವು ಮೂರ್ಛೆ ಹೋದಂತೆ ಕೇಳುತ್ತದೆ, ‘ಗ್ರಾಜುಯೇಟೆಡ್’ ಅನ್ನಿ. ‘ಐ ಹ್ಯಾವ್ ಎ ಡೌಟ್’ ಎಂದರೆ ಅವರ ಮಾತನ್ನೇ ನಂಬುತ್ತಿಲ್ಲ ಎಂಬ ಭಾವ ಬರುತ್ತದೆ, ‘ಕ್ವೆಶ್ಚನ್’ ಅನ್ನಿ. ತಿಳಿಯದ ಮಾತು ಬಂದಾಗ ತಲೆಯಾಡಿಸಿ ಬಂದುಬಿಡಬೇಡಿ. ‘ವಾಟ್ ಡು ಯು ಮೀನ್ ಬೈ ದಟ್?’ ಎಂದು ಕೇಳಿದರೆ ಯಾರೂ ಕೀಳಾಗಿ ನೋಡುವುದಿಲ್ಲ. ಮೀಟಿಂಗ್ ಮುಗಿದ ಮೇಲೆ, ನಾನು ಮಾಡಬೇಕಾದದ್ದು ಇದು, ಇಂಥ ದಿನದೊಳಗೆ ಎಂದು ಎರಡು ಸಾಲಿನ ಮೇಲ್ ಹಾಕಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.